ಎಂಟನೆಯ ಹಣೆ

'ಆರು ದಿನದಲ್ಲಿ ನೇಪಾಳಿ ಮಾತಾಡಿ' ಎಂಬ ಬೋರ್ಡನ್ನು ಪ್ರವಾಸಿಗರ ಬಡಾವಣೆ ಠಮೇಲಿನ ಆ ಹಳೇ ಕಟ್ಟಡದ ಕಿಟಕಿಗೆ ನೇತುಹಾಕಿಸಿದವರು ಶಾಲೆಯ ಮಾಲೀಕ ಬಸ್ತೋಲಾ ಸರ್. ಆರು ದಿನದಲ್ಲಿ ಎಷ್ಟು ಬರುತ್ತದೆ ಎಂಬುದು ಬಿನಿತಾ ಧಮಲಾಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅದನ್ನು ವರ್ಷಗಳಿಂದ ಕಲಿಸುತ್ತಿದ್ದವಳು ಅವಳು. ಆರು ದಿನದಲ್ಲಿ ಬಾಳೆಹಣ್ಣು ಕೊಳ್ಳಲು ಬರುತ್ತದೆ, ಹೊಟ್ಟೆ ನೋಯುತ್ತಿದೆ ಎನ್ನಲು ಬರುತ್ತದೆ, ಊರಿನವರು ಬಾಯಿಗೆ ಕೈ ಅಡ್ಡ ಹಿಡಿದು ನಗುವಂತೆ ಮಾಡಲು ಬರುತ್ತದೆ. ಈ ಕೊನೆಯದು ಮೊದಲ ದಿನವೇ ಬಂದುಬಿಡುತ್ತದೆ.

ಬರುವವರೆಲ್ಲ ಬೆಟ್ಟ ಹತ್ತಲು ಹೊರಟ ಪರದೇಶದವರು. ಕಾಲಿಗೆ ಕಲ್ಲು ಒಡೆಯುವಂಥ ಬೂಟು, ಬೆನ್ನಿಗೆ ಸಂಸಾರ ಹಿಡಿಸುವಷ್ಟು ದೊಡ್ಡ ಚೀಲ, ಮುಖದಲ್ಲಿ ಜಗತ್ತಿನ ಮೇಲೆ ತಮಗಿರುವ ಪ್ರೀತಿ. ನೀರು ಕೊಟ್ಟರೆ ಧನ್ಯವಾದ, ಚಿಲ್ಲರೆ ಕೊಟ್ಟರೆ ಧನ್ಯವಾದ, ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ನಿಂತರೆ ಧನ್ಯವಾದ. ಬಿನಿತಾಳ ಅಮ್ಮ ಹುಟ್ಟಿದಾಗಿನಿಂದ ಆ ಪದವನ್ನು ಒಮ್ಮೆಯೂ ಆಡಿದವಳಲ್ಲ. ಅದು ರೇಡಿಯೋದವರು ಕೊನೆಯಲ್ಲಿ ಹೇಳುವ ಮಾತು ಎಂದೇ ಅವಳ ತಿಳಿವಳಿಕೆ.

ಈ ಸಲದ ತಂಡದಲ್ಲಿ ಎಂಟು ಗಂಡಸರು, ನಾಲ್ವರು ಹೆಂಗಸರು. ಎರಡನೆಯ ದಿನ ಸಂಬಂಧದ ಪದಗಳ ಪಾಠ.

"ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೀಬೇಡಿ," ಎಂದಳು ಬಿನಿತಾ. "ನಿಮಗಿಂತ ದೊಡ್ಡ ಹೆಂಗಸಾದ್ರೆ ದಿದಿ, ಅಂದ್ರೆ ಅಕ್ಕ. ಚಿಕ್ಕವಳಾದ್ರೆ ಬಹಿನಿ, ತಂಗಿ. ಗಂಡಸಾದ್ರೆ ದಾಇ, ಭಾಇ. ಅಣ್ಣ, ತಮ್ಮ."

ಹೆನ್ರಿಕ್ ಎಂಬ ನಿವೃತ್ತ ಹಲ್ಲಿನ ಡಾಕ್ಟರು ಕೈ ಎತ್ತಿದ. ಅವನ ಗಡ್ಡ ಎದೆಯವರೆಗೆ ಇಳಿದಿತ್ತು. "ಹಾಗಾದ್ರೆ ನೀವು ನನ್ನ ದಿದಿ."

"ನಿಮ್ಮ ವಯಸ್ಸೆಷ್ಟು?"

"ಅರವತ್ತೆಂಟು."

"ಹಾಗಾದ್ರೆ ಅಲ್ಲ."

ಎಲ್ಲರೂ ನಕ್ಕರು. ಹೆನ್ರಿಕ್ ಎಲ್ಲರಿಗಿಂತ ಜೋರಾಗಿ ನಕ್ಕು, ಆ ದಿನ ಮುಗಿಯುವವರೆಗೂ ಅವಳನ್ನು ದಿದಿ ಎಂದೇ ಕರೆದ. ಮುಂದಿನ ಸಾಲಿನಲ್ಲಿದ್ದ ಇಂಗ್ರಿಡ್ ಎಂಬ ಜರ್ಮನ್ ಹೆಂಗಸು ಮಾತ್ರ ನಗಲಿಲ್ಲ. ಅವಳು ಎಲ್ಲವನ್ನೂ ಬರೆದುಕೊಳ್ಳುವವಳು. ಹೇಳಿದ್ದನ್ನು ಹೇಳಿದ ಹಾಗೇ ಕಲಿಯುವವಳು ಅವಳೊಬ್ಬಳೇ ಆದ್ದರಿಂದ ಬಿನಿತಾಗೆ ಅವಳನ್ನು ಕಂಡರೆ ಸ್ವಲ್ಪ ಕಡಿಮೆ ತಾತ್ಸಾರ.

"ಬರೀ ಕರೆಯೋಕಷ್ಟೇನಾ?" ಎಂದು ಕೇಳಿದಳು ಇಂಗ್ರಿಡ್. "ಅಕ್ಕ ಅಂದ್ರೆ ನಿಜವಾಗ್ಲೂ ಅಕ್ಕ ಆಗಿಬಿಡ್ತಾರಾ?"

"ಬೀದೀಲಿ ಕರೆದ್ರೆ ಆಗಲ್ಲ. ಹಬ್ಬದ ಕೊನೇ ದಿನ, ಭಾಯಿ ಟೀಕಾ ದಿನ, ಹೆಣ್ಣು ಗಂಡಿನ ಹಣೆಗೆ ಟೀಕಾ ಹಚ್ಚಿದ್ರೆ ಆಗ್ತಾರೆ. ಆಮೇಲೆ ಸಾಯೋವರೆಗೂ ಅಣ್ಣನೇ. ಬೇರೆ ಏನೂ ಆಗೋಕ್ಕಾಗಲ್ಲ." ಅವಳ ಕಣ್ಣು ಪಕ್ಕದ ಕೋಣೆಯ ಕಡೆ ಹೊರಳಿತು. "ಕಾಲೇಜಿನಲ್ಲಿ ಹಿಂದೆ ಬಿದ್ದು ಕಾಟ ಕೊಡೋ ಹುಡುಗನನ್ನ ನಮ್ಮ ಹುಡುಗೀರು ಹಾಗೇ ತೊಲಗಿಸೋದು. ಒಂದು ಮಾಲೆ, ಒಂದು ಟೀಕಾ. ಮುಗೀತು ಕಥೆ."

ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದವನು ಖಗೇಂದ್ರ ಪ್ಯಾಕುರೆಲ್. ಅವಳಿಗಿಂತ ಎರಡು ವರ್ಷ ದೊಡ್ಡವನು. ದೀಪಾವಳಿಯ ತಿಹಾರ್ ಹಬ್ಬ ಮುಗಿದು ಮದುವೆಗಳ ಮಂಗ್ಸಿರ್ ತಿಂಗಳು ಹುಟ್ಟಿದ ಕೂಡಲೇ ಅವನ ತಂದೆ ತಾಯಿ ಹೆಣ್ಣು ಕೇಳಲು ಬಿನಿತಾಳ ಮನೆಗೆ ಬರುವುದೆಂದು ಇಬ್ಬರ ನಡುವೆ ಮಾತಾಗಿತ್ತು. ಬಿನಿತಾ ತನ್ನ ಅಮ್ಮನಿಗೆ ಹೇಳಿದ್ದಳು, ತಮ್ಮ ಸುದೀಪನಿಗೆ ಹೇಳಿದ್ದಳು. ಖಗೇಂದ್ರ ಹೇಳಬೇಕಾಗಿದ್ದದ್ದು ಬಸ್ತೋಲಾ ಸರ್ ಒಬ್ಬರಿಗೇ. ಹೋದ ವರ್ಷ ಇಲ್ಲಿನ ಇಬ್ಬರು ಮೇಷ್ಟ್ರು ಮದುವೆಯಾಗಿ ಎದುರು ಗಲ್ಲಿಯಲ್ಲೇ 'ಐದು ದಿನದಲ್ಲಿ ನೇಪಾಳಿ' ಎಂಬ ಬೋರ್ಡು ಹಾಕಿದ ಮೇಲೆ, ಕೆಲಸದವರೊಳಗೆ ಮದುವೆ ಎಂದರೆ ಸರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಮುಚ್ಚಿಟ್ಟು ಮದುವೆಯಾದವರಿಗೆ ಇಲ್ಲಿ ಜಾಗವಿಲ್ಲ, ಇರುವುದಾದರೆ ಮುಖ ನೋಡಿ ಹೇಳಬೇಕು ಎಂದು ಅವರು ಎಲ್ಲರೆದುರು ಹೇಳಿದ್ದರು. ಪೋಖರಾದಲ್ಲಿ ತೆರೆಯಲಿದ್ದ ಹೊಸ ಶಾಖೆಯನ್ನು ಖಗೇಂದ್ರನಿಗೆ ಒಪ್ಪಿಸುವುದಾಗಿಯೂ ಹೇಳಿದ್ದರು. ಈ ಎರಡು ಮಾತಿನ ನಡುವೆ ಖಗೇಂದ್ರ ಒಂದು ವರ್ಷದಿಂದ ಕಾಲೂರಿ ನಿಂತಿದ್ದ.

ಆ ಸಂಜೆ ಮೆಟ್ಟಿಲಿಳಿಯುತ್ತ ಬಿನಿತಾ ಕೇಳಿದಳು, "ಸರ್ ಹತ್ರ ಮಾತಾಡಿದ್ಯಾ?"

"ಇವತ್ತು ಅವರ ಮೂಡ್ ಸರಿ ಇರ್ಲಿಲ್ಲ."

"ಹೋದ ವಾರ ಚೆನ್ನಾಗಿತ್ತಲ್ಲ? ಎಲ್ಲರಿಗೂ ಮೊಮೊ ತರಿಸಿದ್ರು."

"ಅದಕ್ಕೇ. ಚೆನ್ನಾಗಿರೋದನ್ನ ಯಾಕೆ ಕೆಡಿಸೋದು ಅಂತ."

"ಹಾಗಾದ್ರೆ ಯಾವಾಗ? ಮೂಡ್ ಚೆನ್ನಾಗೂ ಇರಬಾರ್ದು, ಕೆಟ್ಟೂ ಇರಬಾರ್ದು. ನಿದ್ದೆ ಮಾಡ್ತಿರ್ಬೇಕಾದ್ರೆ ಹೇಳ್ತೀಯಾ?"

"ನೋಡೋಣ ಬಿನಿತಾ. ಹಬ್ಬ ಮುಗೀಲಿ."

ಹೇರೌಂಲಾ. ನೋಡೋಣ. ಪಾಠದ ಮೂರನೆಯ ದಿನ ಬಿನಿತಾ ಈ ಪದವನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದಳು. ಈ ಊರಿನಲ್ಲಿ ಯಾರೂ ನಿಮ್ಮ ಮುಖಕ್ಕೆ ಇಲ್ಲ ಅನ್ನುವುದಿಲ್ಲ. ಅಂಗಡಿಯವನಾಗಲಿ ಹೊರೆಯಾಳಾಗಲಿ ನೋಡೋಣ ಅಂದರೆ ಅದು ಇಲ್ಲ ಎಂದೇ. ಕಾಯುತ್ತ ಕೂರಬೇಡಿ, ಮುಂದಿನ ಅಂಗಡಿಗೆ ಹೋಗಿ. ಹೀಗೆ ಊರೂರಿನ ಜನಕ್ಕೆಲ್ಲ ಬುದ್ಧಿ ಹೇಳಿದವಳು ತಾನು ಮಾತ್ರ ಒಂದು ವರ್ಷದಿಂದ ಅದೇ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದಾಳೆ. ಅವಳಿಗೆ ಆ ಕ್ಷಣ ಹೆನ್ರಿಕ್‌ನ ಮೇಲಿದ್ದ ತಾತ್ಸಾರ ಸ್ವಲ್ಪ ಇಳಿದು, ಆ ಪಾಲು ತನ್ನ ಮೇಲೆಯೇ ಬಂದು ಕೂತಿತು.

ಮರುದಿನ ಬಸ್ತೋಲಾ ಸರ್ ಹೊಸ ಯೋಚನೆಯೊಂದಿಗೆ ಬಂದರು. ತಂಡದ ಕೊನೆಯ ದಿನವೇ ಭಾಯಿ ಟೀಕಾ. ಪಾಠ ಬೇಡ, ಶಾಲೆಯ ಅಂಗಳದಲ್ಲಿ ಗಂಡಸರನ್ನೆಲ್ಲ ಸಾಲಾಗಿ ಕೂರಿಸಿ ಬಿನಿತಾ ಟೀಕಾ ಹಚ್ಚಲಿ. ಅವರು ಕಲಿತ ನಾಲ್ಕು ಮಾತು ಆಡಲಿ. ಫೋಟೋ ತೆಗೆದು ಬೋರ್ಡಿಗೆ ಹಾಕಿಸಿದರೆ ಮುಂದಿನ ವರ್ಷ ಎದುರು ಗಲ್ಲಿಯವರು ಬಾಗಿಲು ಹಾಕಬೇಕಾಗುತ್ತದೆ.

"ಸರ್, ಅವತ್ತು ನಾನು ಮನೇಲಿ ಇರ್ಬೇಕು. ನನ್ನ ತಮ್ಮ ಕಾಯ್ತಿರ್ತಾನೆ," ಎಂದಳು ಬಿನಿತಾ.

"ಮುಹೂರ್ತ ಇರೋದು ಮಧ್ಯಾಹ್ನದ ಹೊತ್ತಿಗಲ್ವಾ ಮಿಸ್? ಬೆಳಿಗ್ಗೆ ಬೇಗ ಇದನ್ನ ಮುಗಿಸಿ ಹೊರಡಿ. ಇವರಿಗೆಲ್ಲ ಮುಹೂರ್ತ ಎಲ್ಲಿ ಗೊತ್ತಾಗತ್ತೆ?"

"ಯಾರ‍್ಯಾರೋ ಗಂಡಸರನ್ನ ತಮ್ಮಂದಿರು ಮಾಡ್ಕೋಬೇಕಾ ನಾನು?"

"ಇವತ್ತಿದ್ದು ನಾಳೆ ವಿಮಾನ ಹತ್ತೋ ತಮ್ಮಂದಿರು. ಆಸ್ತಿ ಪಾಲು ಕೇಳ್ತಾರಾ?"

ಬಿನಿತಾ ಒಪ್ಪಿಕೊಂಡಳು. ಈ ಎಂಟು ಜನರ ಪೈಕಿ ಯಾರನ್ನೂ ಮದುವೆಯಾಗುವ ಯೋಚನೆ ಅವಳಿಗಿರಲಿಲ್ಲವಾದ್ದರಿಂದ ನಷ್ಟವೇನೂ ಕಾಣಲಿಲ್ಲ.

ಭಾಯಿ ಟೀಕಾ ದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ಒಂದು ಗುಟುಕು ಚಹವನ್ನೂ ಕುಡಿಯದೆ ಬಂದಳು. ಟೀಕಾ ಹಚ್ಚುವವರೆಗೆ ಅಕ್ಕತಂಗಿಯರೂ ಉಪವಾಸ, ಅಣ್ಣತಮ್ಮಂದಿರೂ ಉಪವಾಸ. ಅಂಗಳದಲ್ಲಿ ಎಂಟು ಚಾಪೆ ಹಾಸಿತ್ತು. ಹೆನ್ರಿಕ್‌ನ ಗಡ್ಡದಲ್ಲಿ ಆಮ್ಲೆಟ್ಟಿನ ಚೂರು ಸಿಕ್ಕಿಕೊಂಡಿತ್ತು.

"ತಿಂಡಿ ಆಯ್ತಾ?" ಎಂದಳು ಬಿನಿತಾ.

"ಆಯ್ತು! ರುಚಿಯಾಗಿತ್ತು! ಧನ್ಯವಾದ ದಿದಿ!" ಎಂದ ಹೆನ್ರಿಕ್. ಆರು ದಿನದ ಪಾಠವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಸುತ್ತ ನೋಡಿದ.

ಎಣ್ಣೆಯ ಬಟ್ಟಲು, ಗರಿಕೆ, ಬಣ್ಣಗಳ ತಟ್ಟೆ, ನೇರಳೆ ಬಣ್ಣದ ಮಖಮಲಿ ಹೂವಿನ ಮಾಲೆಗಳು, ಅಕ್ರೋಟು, ಬಸ್ತೋಲಾ ಸರ್ ಮನೆಯಿಂದ ಬಂದ, ಬಳೆಯಂತೆ ಕರಿದ ಸೇಲ್ ರೋಟಿಯ ಬುಟ್ಟಿ, ಎಲ್ಲ ಸಿದ್ಧವಾಗಿತ್ತು. ನಾಲ್ವರು ಹೆಂಗಸರು ಕ್ಯಾಮೆರಾ ಹಿಡಿದು ಗೋಡೆಯ ಪಕ್ಕ ನಿಂತಿದ್ದರು. ಖಗೇಂದ್ರ ಬಿಳಿ ಅಂಗಿ, ಢಾಕಾ ಟೋಪಿ ಹಾಕಿಕೊಂಡು ಒಂದೊಂದು ಮಾತನ್ನೂ ಬಿಡಿಸಿ ಹೇಳಿಕೊಡಲು ನಿಂತಿದ್ದ. ಗಂಡಸರು ಬಂದು ಕೂತರು. ಏಳು ಜನ. ಎಂಟನೆಯ ಚಾಪೆ ಖಾಲಿ.

"ಕೆನಡಾದವನೆಲ್ಲಿ?" ಎಂದರು ಬಸ್ತೋಲಾ ಸರ್.

"ಕೋಣೆಯಿಂದ ಹೊರಗೇ ಬರ್ತಿಲ್ಲ," ಎಂದಳು ಇಂಗ್ರಿಡ್. "ಬಾಗಿಲು ತಟ್ಟಿದ್ರೆ ಒಳಗಿಂದಾನೇ 'ಪೇಟ್ ದುಖ್ಯೋ' ಅಂತಾನೆ. ಹೊಟ್ಟೆನೋವು. ಉಚ್ಚಾರಣೆ ಚೆನ್ನಾಗಿತ್ತು."

ಬಸ್ತೋಲಾ ಸರ್ ಖಾಲಿ ಚಾಪೆಯನ್ನೂ ಕ್ಯಾಮೆರಾಗಳನ್ನೂ ನೋಡಿದರು. "ಖಗೇಂದ್ರ, ನೀನೇ ಕೂತ್ಕೋ ಮಾರಾಯ. ಖಾಲಿ ಬಿಟ್ರೆ ಫೋಟೋದಲ್ಲಿ ಹಲ್ಲು ಬಿದ್ದ ಹಾಗೆ ಕಾಣತ್ತೆ."

ಬಿನಿತಾ ಗರಿಕೆಯ ಕಟ್ಟು ಬಿಚ್ಚುತ್ತಿದ್ದಳು. ಅವಳ ಕೈ ನಿಂತಿತು.

"ನಾನಾ ಸರ್?"

"ಇನ್ಯಾರು? ನಾನು ಕೂತ್ರೆ ನನ್ನ ಅಕ್ಕ ಸುಮ್ನಿರ್ತಾಳಾ? ಅವಳಿಗಿಂತ ಮುಂಚೆ ಬೇರೆ ಕೈ ಹಣೆ ಮುಟ್ಟಿದ್ರೆ ವರ್ಷವಿಡೀ ಮಾತು ಬಿಡ್ತಾಳೆ. ನಿನಗೆ ಅಕ್ಕತಂಗೀರೇ ಇಲ್ವಲ್ಲ. ಹೇಗೂ ಟೀಕಾ ಹಚ್ಚಿಸ್ಕೊಳ್ಳೋಕೆ ರಾಣಿಪೋಖರಿ ದೇವಸ್ಥಾನದ ಸಾಲಿನಲ್ಲಿ ದಿಕ್ಕಿಲ್ಲದವರ ಜೊತೆ ನಿಲ್ಲೋನು. ಇಲ್ಲೇ ಸಿಕ್ತು, ತಗೋ."

ಖಗೇಂದ್ರ ಬಿನಿತಾಳ ಕಡೆ ನೋಡಿದ. ಆಮೇಲೆ ಬಸ್ತೋಲಾ ಸರ್ ಕಡೆ ನೋಡಿದ. ಆಮೇಲೆ ಚಪ್ಪಲಿ ಬಿಚ್ಚಿದ.

ಬಿನಿತಾ ಬಾಯಿ ತೆರೆದಳು. ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ಸರ್, ನಾವಿಬ್ಬರೂ ಮದುವೆಯಾಗುತ್ತೇವೆ, ಅಷ್ಟೇ. ಮೊದಲು ಪ್ರೀತಿ ಹೇಳಿದ್ದು ಅವಳು, ಅಮ್ಮನನ್ನು ಒಪ್ಪಿಸಿದ್ದು ಅವಳು, ಅವನ ಜಾತಕವನ್ನು ಜ್ಯೋತಿಷಿಯ ಹತ್ತಿರ ಒಯ್ದದ್ದೂ ಅವಳು. ಇದನ್ನೂ ತಾನೇ ಹೇಳಿಬಿಡಬಹುದು. ಆಮೇಲೆ ಬದುಕಿಡೀ ಅವನ ಪಾಲಿನ ಮಾತನ್ನೂ ತಾನೇ ಆಡುತ್ತಿರಬಹುದು. ಅವಳು ಬಾಯಿ ಮುಚ್ಚಿದಳು. ಮುಂದೆ ಏಳು ಹಣೆಗಳಿದ್ದವು. ಎಂಥ ಗಂಡಸಿಗಾದರೂ ಒಂದು ವಾಕ್ಯ ಹುಡುಕಿಕೊಳ್ಳಲು ಅಷ್ಟು ಹೊತ್ತು ಸಾಕು.

ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಸಾಲನ್ನು ಸುತ್ತಿದಳು. ಯಮ ದಾಟದಂತೆ ಎಣ್ಣೆಯ ಗೆರೆ. ಒಬ್ಬೊಬ್ಬರ ಹೆಸರಿನಲ್ಲಿ ಹೊಸಿಲ ಮೇಲೆ ಅಕ್ರೋಟು ಒಡೆಯುವ ಸರದಿ ಬಂತು. ಮೊದಲನೆಯದು ಹೆನ್ರಿಕ್‌ನದು. ಕಲ್ಲು ಬಿದ್ದ ಸದ್ದಿಗೆ ಅವನು ಬೆಚ್ಚಿದ. ನಡುವೆ ಸೀಳಿದ ಬಾಳೆಎಲೆಯ ಪಟ್ಟಿಯನ್ನು ಅವನ ಹಣೆಗೆ ಒತ್ತಿ, ಆ ಸೀಳಿನಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆದು, ಅದರ ಮೇಲೆ ಬಣ್ಣಗಳ ಚುಕ್ಕೆ ಇಟ್ಟು, ಮಾಲೆ ಹಾಕಿದಳು.

"ದಿದಿ, ಬೆಲೆ ಎಷ್ಟು?" ಎಂದ ಹೆನ್ರಿಕ್. ಹೇಳಬೇಕಾಗಿದ್ದದ್ದು ದೀರ್ಘಾಯುಷ್ಯ ಹರಸಿ ಎಂದು. ಗಾಬರಿಯಲ್ಲಿ ಬಾಳೆಹಣ್ಣಿನ ಪಾಠ ಹೊರಬಂತು. ಬಸ್ತೋಲಾ ಸರ್ ನಕ್ಕರು, ಖಗೇಂದ್ರನೂ ನಕ್ಕ. ಅವನು ನಕ್ಕದ್ದನ್ನು ಬಿನಿತಾ ನೋಡಿದಳು.

ಎರಡನೆಯವನು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದ, ಮಾಲೆ ಹಾಕಿದ್ದು ಅವನಿಗೆ ತಿಳಿಯಲೇ ಇಲ್ಲ. ಮೂರನೆಯವನು ಅಳತೊಡಗಿದ, ತನಗೆ ಯಾರೂ ಹೀಗೆ ಮಾಡಿರಲಿಲ್ಲವಂತೆ. ನಾಲ್ಕನೆಯವನು ತನ್ನ ಫೋಟೋ ತಾನೇ ತೆಗೆದುಕೊಳ್ಳುವ ಭರದಲ್ಲಿ ಹಣೆ ಅಲ್ಲಾಡಿಸಿ ಬಣ್ಣವೆಲ್ಲ ಮೂಗಿಗೆ ಇಳಿಸಿಕೊಂಡ. ಬಿನಿತಾ ಯಾರಿಗೂ ಅವಸರ ಮಾಡಲಿಲ್ಲ. ಚುಕ್ಕೆ ಇಡುತ್ತ ಕಿವಿಯನ್ನು ಸಾಲಿನ ಕೊನೆಗೆ ಇಟ್ಟಿದ್ದಳು.

ಅಲ್ಲಿ ಎಷ್ಟೊಂದು ದಾರಿಗಳಿದ್ದವು! ನಿಜ ಹೇಳಲು ಎದೆ ಇಲ್ಲದಿದ್ದರೆ ಸುಳ್ಳೇ ಹೇಳಬಹುದಿತ್ತು. ದೇವಸ್ಥಾನಕ್ಕೆ ಹರಕೆ ಇದೆ ಅನ್ನಬಹುದಿತ್ತು. ಸೋದರತ್ತೆಯ ಮಗಳು ಕಾಯುತ್ತಾಳೆ ಅನ್ನಬಹುದಿತ್ತು. ಏನೂ ತೋಚದಿದ್ದರೆ 'ಪೇಟ್ ದುಖ್ಯೋ' ಎಂದು ಎದ್ದುಹೋಗಬಹುದಿತ್ತು. ಅದು ನಾಲ್ಕನೆಯ ದಿನದ ಪಾಠ, ಪ್ರತಿ ತಂಡಕ್ಕೂ ಅದನ್ನು ಕಲಿಸುವವನು ಅವನೇ. ಮೊನ್ನೆಮೊನ್ನೆಯವರೆಗೆ ನೇಪಾಳದ ಮುಖವನ್ನೇ ನೋಡಿರದ ಕೆನಡಾದವನು ಬಾಗಿಲ ಹಿಂದಿನಿಂದ ಸ್ಪಷ್ಟವಾಗಿ ಹೇಳಿದ ಮಾತು, ಇಲ್ಲಿ ಹುಟ್ಟಿ ಬೆಳೆದ ಖಗೇಂದ್ರ ಪ್ಯಾಕುರೆಲ್‌ನ ಬಾಯಿಗೆ ಬರಲಿಲ್ಲ.

ಏಳನೆಯ ಹಣೆ ಮುಗಿಯಿತು. ಬಿನಿತಾ ಎಂಟನೆಯ ಚಾಪೆಯ ಮುಂದೆ ಮಂಡಿಯೂರಿದಳು. ಅವನು ತುಟಿ ಹೆಚ್ಚು ಅಲ್ಲಾಡಿಸದೆ ಮೆಲ್ಲಗೆ ಹೇಳಿದ, "ಸುಮ್ನೆ ನಾಟಕ ಇದು, ಬಿನು. ಮುಖ ತೊಳೆದ್ರೆ ಹೋಗತ್ತೆ."

"ಹೌದಾ?"

"ಪೋಖರಾದು ಕೈಗೆ ಬಂದ್ಮೇಲೆ ನಾನೇ ಅವರಿಗೆ ಎಲ್ಲ ಹೇಳ್ತೀನಿ."

"ಏನಂತ ಹೇಳ್ತೀಯಾ? ನನ್ನ ತಂಗೀನ ನನಗೆ ಕೊಡಿ ಅಂತಾನಾ?"

"ಮೆತ್ತಗೆ. ಸರ್ ನೋಡ್ತಿದ್ದಾರೆ."

ಸರ್ ನೋಡುತ್ತಿರಲಿಲ್ಲ. ಅವರು ಹೆನ್ರಿಕ್‌ನ ಮೂರನೆಯ ಸೇಲ್ ರೋಟಿಯನ್ನು ನೋಡುತ್ತಿದ್ದರು. ಆದರೂ ಖಗೇಂದ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಕ್ಯಾಮೆರಾ ಕಡೆಗೆ ತಿರುಗಿ, ಹಣೆಯನ್ನು ಸ್ವಲ್ಪ ಮುಂದಕ್ಕೆ ಚಾಚಿದ. ಆ ಚಾಚಿದ ಹಣೆಯನ್ನು ಬಿನಿತಾ ಹತ್ತಿರದಿಂದ ನೋಡಿದಳು. ಅಗಲವಾದ, ಗೆರೆ ಇಲ್ಲದ, ಚೆಂದದ ಹಣೆ. ಒಂದು ಯೋಚನೆಯೂ ಅದರ ಮೇಲೆ ನಡೆದಾಡಿದ ಗುರುತಿರಲಿಲ್ಲ. ಇದಕ್ಕಾಗಿ ಒಂದು ವರ್ಷ ಕಾದೆನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಅಳು ಬರಬಹುದೆಂದು ಹೆದರಿದ್ದಳು. ಬಂದದ್ದು ಬರೀ ಹಸಿವು.

ಬಸ್ತೋಲಾ ಸರ್ ತಂದಿದ್ದ ಅಕ್ರೋಟು ತಟ್ಟೆಯಲ್ಲಿ ಮುಗಿದಿತ್ತು. ಒಂದನ್ನು ಹೆನ್ರಿಕ್ ಒಡೆದು ತಿಂದಿದ್ದ.

"ಇಲ್ಲದಿದ್ರೆ ಬಿಡಿ ಮಿಸ್, ನಡೆಯತ್ತೆ," ಎಂದರು ಸರ್.

"ನಡೆಯಲ್ಲ ಸರ್," ಎಂದಳು ಬಿನಿತಾ. ಎದ್ದು ಹೋಗಿ ತನ್ನ ಕೈಚೀಲದಿಂದ ಒಂದು ಅಕ್ರೋಟು ತಂದಳು. ಹಿಂದಿನ ಸಂಜೆ ಅಸನ್ ಬಜಾರಿನಲ್ಲಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಸುದೀಪನಿಗೆಂದು ಆರಿಸಿದ್ದ ಗಟ್ಟಿ ಕಾಯಿ ಅದು. ಹೊಸಿಲ ಮೇಲಿಟ್ಟು ಕಲ್ಲೆತ್ತಿ ಹೊಡೆದಳು. ಒಂದೇ ಏಟಿಗೆ ಚೂರುಚೂರಾಗಿ ಅಂಗಳದ ತುಂಬ ಸಿಡಿಯಿತು. ಖಗೇಂದ್ರನ ಕಣ್ಣರೆಪ್ಪೆ ಬಡಿಯಿತು, ಅಷ್ಟೇ.

ಮಿಕ್ಕ ಏಳು ಜನರಿಗೆ ಬಣ್ಣ ಹೇಗೋ ಹಚ್ಚಿದ್ದವಳು ಇವನಿಗೆ ಮಾತ್ರ ಅಮ್ಮ ಕಲಿಸಿದ ಹಾಗೆ ಹಚ್ಚಿದಳು. ಬಿಳಿ ಗೆರೆ ನೆಟ್ಟಗೆ, ಅದರ ಮೇಲೆ ಒಂದರ ಕೆಳಗೊಂದು ಏಳು ಬಣ್ಣ, ಒಂದಕ್ಕೊಂದು ತಾಗದ ಹಾಗೆ. ತಲೆಗೆ ಎಣ್ಣೆ. ಕೊರಳಿಗೆ ಮಖಮಲಿ ಮಾಲೆ, ಬಾಡದ ಹೂವು. ನಿನ್ನ ದಾರಿಯಲ್ಲಿ ಮುಳ್ಳಿರದಿರಲಿ, ಯಮ ನಿನ್ನ ಬಾಗಿಲು ಮರೆಯಲಿ ಎಂಬ ಹಾರೈಕೆಯ ಮಾತನ್ನು ಒಂದಕ್ಷರ ಬಿಡದೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ದಕ್ಷಿಣೆ, ದಕ್ಷಿಣೆ!" ಎಂದರು ಬಸ್ತೋಲಾ ಸರ್. "ಅಕ್ಕತಂಗೀರಿಗೆ ಬರಿಗೈ ತೋರಿಸಬಾರದು. ಇವರೆಲ್ಲ ನಿನ್ನ ನೋಡಿ ಕಲೀಬೇಕು ಖಗೇಂದ್ರ."

ಖಗೇಂದ್ರ ಜೇಬಿಗೆ ಕೈ ಹಾಕಿ ನೋಟು ತೆಗೆದ. ಆ ದಿನ ಅಣ್ಣಂದಿರೂ ತಂಗಿಯರಿಗೆ ಮಾಡುವ ಹಾಗೆ ಬಾಗಿ ಅವಳ ಪಾದ ಮುಟ್ಟಿದ. ಬಿನಿತಾ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನೋಟನ್ನು ತೆಗೆದುಕೊಂಡು ಸೆರಗಿನಲ್ಲಿ ಗಂಟು ಹಾಕಿದಳು. ಅದನ್ನು ನೋಡುತ್ತ ಕೂತಿದ್ದ ಅವನ ಮುಖದಲ್ಲಿ ಮೊದಲ ಸಲ ಏನೋ ಅಲುಗಾಡಿತು. ತೊಳೆದರೆ ಹೋಗುವುದಿಲ್ಲ ಎಂಬುದು ಅವನಿಗೂ ಗೊತ್ತಿದ್ದ ವಿಷಯವೇ. ಅವನೂ ಇದೇ ಊರಿನವನು ತಾನೇ.

ಇಂಗ್ರಿಡ್ ಕ್ಯಾಮೆರಾ ಕೆಳಗಿಳಿಸಿ ಹತ್ತಿರ ಬಂದಳು. ಮೊದಲು ತನ್ನೊಳಗೇ ಒಮ್ಮೆ ಹೇಳಿನೋಡಿಕೊಂಡು, ಬೆರಳಿನಿಂದ ಖಗೇಂದ್ರನನ್ನು ತೋರಿಸಿ, ನಿಧಾನವಾಗಿ ನೇಪಾಳಿಯಲ್ಲಿ ಕೇಳಿದಳು, "ಇವರು ನಿಮ್ಮ ಅಣ್ಣನಾ?"

ಒಂದು ತಪ್ಪೂ ಇರಲಿಲ್ಲ. ಬಿನಿತಾ ಕಾದಳು, ಈಗಲಾದರೂ ಬೇರೆ ಯಾರಾದರೂ ಉತ್ತರಿಸುತ್ತಾರೇನೋ ಎಂದು. ಖಗೇಂದ್ರ ಮಾಲೆಯ ಹೂವು ತಿರುವುತ್ತಿದ್ದ.

"ಹೌದು," ಎಂದಳು ಬಿನಿತಾ. "ನನ್ನ ಅಣ್ಣ. ನೀವು ಚೆನ್ನಾಗಿ ಕಲಿತಿದ್ದೀರಿ."

ಅವಳು ಕೈ ತೊಳೆದು ಹೊರಟಾಗ ಅವನು ಮೆಟ್ಟಿಲವರೆಗೆ ಹಿಂದೆ ಬಂದ. "ಬಿನು, ನಿಲ್ಲು. ನಾಳೆ ಕೂತು ಮಾತಾಡೋಣ. ಏನಾದ್ರೂ ದಾರಿ ಇರತ್ತೆ, ನೋಡೋಣ."

"ಹೊಟ್ಟೆಗೇನಾದ್ರೂ ತಿನ್ನಿ ದಾಇ," ಎಂದಳು ಬಿನಿತಾ ತಿರುಗಿ ನೋಡದೆ. "ಉಪವಾಸ ಮುಗೀತಲ್ಲ."

ಅಸನ್‌ನಲ್ಲಿ ಅಂಗಡಿಗಳು ಅರ್ಧ ಬಾಗಿಲು ಹಾಕಿದ್ದವು. ಮೂಲೆಯಲ್ಲಿ ಮುದುಕಿಯೊಬ್ಬಳು ಗೋಣಿತಟ್ಟಿನ ಮೇಲೆ ಉಳಿದ ಅಕ್ರೋಟು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಬಿನಿತಾ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸತೊಡಗಿದಳು.

"ನಿನ್ನೆ ಸಂಜೆ ಬಂದೋಳಲ್ವೇನೇ ನೀನು?" ಎಂದಳು ಮುದುಕಿ. "ಹೀಗೇ ಅಲ್ಲಾಡಿಸಿ ಅಲ್ಲಾಡಿಸಿ ನನ್ನ ತಲೆ ತಿಂದೆ. ಒಬ್ಬನೇ ತಮ್ಮ, ಒಂದೇ ಸಾಕು ಅಂದೆ. ಕಳಕೊಂಡ್ಯಾ?"

"ಇಲ್ಲಜ್ಜಿ. ಇನ್ನೊಬ್ಬ ಗಂಟುಬಿದ್ದ."

"ರಾತ್ರಿ ಬೆಳಗಾಗೋದ್ರಲ್ಲಿ? ಅಣ್ಣನೋ ತಮ್ಮನೋ?"

"ವಯಸ್ಸಿನಲ್ಲಿ ಅಣ್ಣ," ಎಂದಳು ಬಿನಿತಾ. ಸೆರಗಿನ ಗಂಟು ಬಿಚ್ಚಿ ಖಗೇಂದ್ರನ ನೋಟನ್ನು ಮುದುಕಿಯ ಮುಂದೆ ಇಟ್ಟಳು. "ಮಿಕ್ಕಿದ್ದರಲ್ಲೆಲ್ಲ ಚಿಕ್ಕವನು. ತೀರಾ ಚಿಕ್ಕವನು."

"ಬೆಳೀತಾನೆ ಬಿಡು."

"ಬೆಳೀಲಿ. ಇನ್ನು ಅದು ಅವನ ಹೆಂಡತಿಯಾಗೋಳ ಕಷ್ಟ." ಅವಳು ಗುಡ್ಡೆಯಿಂದ ಮತ್ತೊಂದು ಕಾಯಿ ಎತ್ತಿ ಅಲ್ಲಾಡಿಸಿದಳು. ಒಳಗೆ ಲೊಳಲೊಳ ಸದ್ದಾಯಿತು. ಅದನ್ನು ಪಕ್ಕಕ್ಕೆ ಎಸೆದು ಇನ್ನೊಂದನ್ನು ತೆಗೆದುಕೊಂಡಳು. "ಗಟ್ಟಿಯಾಗಿರೋದು ಕೊಡಜ್ಜಿ. ನನ್ನ ತಮ್ಮ ಹಸಿದುಕೊಂಡು ಕೂತಿದಾನೆ."